ನಗು ನಿಲ್ಲಿಸಿದ ದೊಡ್ಡಮ್ಮ

ಅನುಷಾ, ಮೇಘನಾ, ಶ್ರೀಶ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕನ್ನಡ ಓದಲು ತಡವರಿಸಿದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಅಪ್ಪನ ಹತ್ತಿರ ಬೇಡ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ಮೊನ್ನೆ ಅಹಮದಾಬಾದಿನ ಮದುವೆಗೆ ಹೋಗಿದ್ದೆನಲ್ಲ, ಅಲ್ಲಿ ಊಟದ ಪಂಕ್ತಿಯಲ್ಲಿ ಯಾರೋ ಬರೋಡಾದ ದೊಡ್ಡಮ್ಮ ತೀರಿಕೊಂಡರು ಎಂದರು. ತೊಂಬತ್ತು ದಾಟಿತ್ತಂತೆ. ಸಾಯುವ ಹಿಂದಿನ ದಿನ ಕೂಡ ಸೊಸೆಯ ಬಸಳೆ ಸಾಂಬಾರನ್ನು ಬೈದಿದ್ದರಂತೆ. ಅಳು ಬರಬೇಕಿತ್ತು. ಆದರೆ ನನಗೆ ನಗು ಬಂತು, ಪಾಯಸ ನೆತ್ತಿಗೆ ಹತ್ತಿತು. ಪಕ್ಕದವರು ಬೆನ್ನು ತಟ್ಟಿದರು. ಯಾಕೆ ನಕ್ಕೆ ಎಂದು ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ. ಬರೆಯುವಾಗ ನನ್ನ ಮುಖ ಯಾರಿಗೂ ಕಾಣುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮೇಲಿನಿಂದಲೇ ಗದರುತ್ತಾರೆ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ನಿಮ್ಮ ಅಜ್ಜನಿಗೆ ರೈಲ್ವೆಯಲ್ಲಿ ಬರೋಡಾಕ್ಕೆ ವರ್ಗವಾದಾಗ ನಮಗೆ ಮನೆ ಸಿಕ್ಕಿದ್ದು ಅವರ ಹೋಟೆಲಿನ ಹಿಂದಿನ ಅಂಗಳದಲ್ಲಿ. ಅಲ್ಕಾಪುರಿಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಉಡುಪಿ ಕಡೆಯವರ ಆ ಹೋಟೆಲು ಇತ್ತು. ಗಲ್ಲಾದ ಮೇಲೆ ದೊಡ್ಡಪ್ಪ, ಅಡುಗೆಮನೆಗೆ ದೊಡ್ಡಮ್ಮ. ದೊಡ್ಡಮ್ಮ ಆಳಿನಲ್ಲೂ ದೊಡ್ಡವರು. ಅವರು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಕಡಿಮೆಯಾಗುತ್ತಿತ್ತು.

ನಾನು ಕುಂದಾಪುರದ ಕಡೆಯ ಹಳ್ಳಿಶಾಲೆಯಲ್ಲಿ ಓದಿದವಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಕೂಡ ನನ್ನ ಬದಲು ಪಕ್ಕದ ಹುಡುಗಿಯೇ "ಇದ್ದಾಳೆ" ಎನ್ನುತ್ತಿದ್ದಳು. ಅಂಥವಳನ್ನು ದೊಡ್ಡಮ್ಮ ಯಾಕೆ ಹಚ್ಚಿಕೊಂಡರೋ. ಬಹುಶಃ ಅವರು ಮಾತಾಡುವಾಗ ನಡುವೆ ಬಾಯಿ ಹಾಕದವಳು ಆ ಅಂಗಳದಲ್ಲಿ ನಾನೊಬ್ಬಳೇ.

ಅವರ ಆಸ್ತಿ ಎಂದರೆ ನಗು. ಅದು ಹೊಟ್ಟೆಯಲ್ಲಿ ಗುಡುಗುಟ್ಟಿ, ಭುಜಕ್ಕೆ ಹತ್ತಿ, ಕೊನೆಗೆ ಬಾಯಿಗೆ ಬರುತ್ತಿತ್ತು. ಬಂದ ಮೇಲೆ ಹೋಟೆಲಿನ ಮುಂದಿನ ಕುದುರೆಗಾಡಿಯ ಕುದುರೆ ಕಿವಿ ನಿಮಿರಿಸುತ್ತಿತ್ತು. ಗಿರಾಕಿಗಳು ತಿಂಡಿ ತಿನ್ನುತ್ತಾ, ಒಳಗಿಂದ ನಗು ಕೇಳಿದರೆ, ಯಾವುದಕ್ಕೆ ಎಂದು ತಿಳಿಯದೆ ತಾವೂ ನಗುತ್ತಿದ್ದರು. ಎಷ್ಟೋ ಜನ ದೋಸೆಗಿಂತ ಅದಕ್ಕೇ ಬರುತ್ತಿದ್ದರು ಎಂದು ದೊಡ್ಡಪ್ಪ ಹೇಳುತ್ತಿದ್ದರು.

ಹಾಗಿದ್ದವರು ಒಂದು ದಿನ ನಗು ನಿಲ್ಲಿಸಿಬಿಟ್ಟರು.

ಯಾರಾದರೂ ತಮಾಷೆ ಹೇಳಲು ಬಾಯಿ ತೆರೆದರೆ ಸಾಕು, ಕಾಲು ಕತ್ತರಿ ಹಾಕಿ ನಿಂತು, ತುಟಿ ಕಚ್ಚಿ, ಗೋಡೆ ನೋಡುತ್ತಿದ್ದರು. ಕನ್ನಡ ಹೆಂಗಸರ ಶುಕ್ರವಾರದ ಭಜನೆಗೆ ಬರುವುದನ್ನು ಬಿಟ್ಟರು. ನೀರು ಕುಡಿಯುವುದನ್ನೂ ಬಿಟ್ಟರು. ಅಹಮದಾಬಾದಿನ ಮಗಳ ಮನೆಗೆ ಕೂಡ ರೈಲಿನಲ್ಲಿ ಹೋಗಲಾರೆ ಎಂದರು. ಅಂಗಳದ ಹೆಂಗಸರು ತಲೆಗೊಂದು ಕಾರಣ ಕಟ್ಟಿದರು. ಸೊಕ್ಕು ಬಂದಿದೆ ಎಂದರು. ವೈರಾಗ್ಯ ಬಂದಿದೆ ಎಂದರು. ಪಾಪ, ದೊಡ್ಡಪ್ಪ ತಾನೇ ಏನೋ ತಪ್ಪು ಮಾಡಿರಬೇಕು ಎಂದುಕೊಂಡು, ಏನು ತಪ್ಪು ಎಂದು ಕೇಳುವ ಧೈರ್ಯವಿಲ್ಲದೆ, ಸಂಜೆ ಸಂಜೆ ಮಿಠಾಯಿ ಪೊಟ್ಟಣ ತಂದುಕೊಡತೊಡಗಿದರು. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತಿತ್ತು. ದೊಡ್ಡಪ್ಪನಿಗೂ ಗೊತ್ತಿತ್ತು. ಹೆದರಿದ ಗಂಡಸಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ.

ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಾಗ ದೊಡ್ಡಮ್ಮ ಬಂದು ಕೂತರು. ಕೂರುವುದು ಕೂಡ ಓರೆಯಾಗಿ.

"ಹೆಣ್ಣೇ, ನಿನ್ನ ಹತ್ರ ಒಂದು ವಿಷಯ ಹೇಳ್ತೇನೆ. ಕೇಳಿ ಮರ್ತುಬಿಡಬೇಕು."

"ಆಯ್ತು ದೊಡ್ಡಮ್ಮ."

"ನಂಗೆ ಮುಟ್ಟು ನಿಂತು ಎರಡು ವರ್ಷ ಆಯ್ತಲ್ಲ. ಇನ್ನು ಸುಖ ಅಂತ ಗ್ರಹಿಸಿದ್ದೆ. ಎಂತ ಸುಖ ಮಾರಾಯ್ತಿ! ಉಚ್ಚೆ ಹೊಯ್ದರೆ ಮೆಣಸು ಅರೆದು ಹಚ್ಚಿದ ಹಾಗೆ ಉರಿ. ತುರಿಕೆ ಅಂದರೆ ಕೂರ್ಲಿಕ್ಕೆ ಬಿಡುದಿಲ್ಲ, ನಿಲ್ಲಲಿಕ್ಕೆ ಬಿಡುದಿಲ್ಲ. ಕೆಮ್ಮಿದರೆ ಹನಿ, ಸೀನಿದರೆ ಹನಿ. ನಕ್ಕರೆ…" ಎಂದು ನಿಲ್ಲಿಸಿದರು. "ನಕ್ಕರೆ ಸೀರೆಯೇ ಬದಲಾಯಿಸಬೇಕು. ಅದಕ್ಕೆ ನಗುದಿಲ್ಲ."

ನಾನು ಅಕ್ಕಿಯಲ್ಲಿ ಇಲ್ಲದ ಕಲ್ಲನ್ನು ಹುಡುಕಿದೆ. ದೊಡ್ಡಮ್ಮ ಮುಂದುವರಿಸಿದರು. ಕೊಳೆಯಿಂದ ತುರಿಕೆ ಬಂದಿದೆ ಎಂದು ತಿಳಿದು ದಿನಾ ಬಟ್ಟೆ ಒಗೆಯುವ ಬಾರು ಸಾಬೂನು ಹಾಕಿ ಒಳಗೂ ಹೊರಗೂ ಉಜ್ಜುತ್ತಿದ್ದರಂತೆ. ಉಜ್ಜಿದಷ್ಟೂ ಉರಿ. ಉರಿ ಎಂದು ಮತ್ತೆ ಉಜ್ಜುವುದು.

"ಡಾಕ್ಟರ್‌ಬೆನ್ ಹತ್ರ ಹೋಗುವ ದೊಡ್ಡಮ್ಮ," ಎಂದೆ. ಸ್ಟೇಷನ್ನಿನ ಆಚೆ ಬದಿಯಲ್ಲಿ ಒಬ್ಬ ಗುಜರಾತಿ ಹೆಂಗಸು ಡಾಕ್ಟರು ಇದ್ದರು. ಗುಜರಾತಿಯಲ್ಲಿ ಬೆನ್ ಎಂದರೆ ಅಕ್ಕ, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದುದು.

"ಆಯ್ತು ಕಥೆ! ಆಕೆ ಪ್ರತಿ ಭಾನುವಾರ ಮನೆಮಂದಿ ಕಟ್ಟಿಕೊಂಡು ನಮ್ಮಲ್ಲಿ ಮಸಾಲೆ ದೋಸೆ ತಿನ್ನಲಿಕ್ಕೆ ಬರುದು. ನನ್ನ ಅಲ್ಲಿಯ ಸಮಾಚಾರ ತಿಳಿದ ಮೇಲೆ ನಮ್ಮ ಚಟ್ನಿ ಮುಟ್ತಾಳಾ?" ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ. "ಒಂದು ಕೆಲಸ ಮಾಡುವ. ಇದೆಲ್ಲ ನಿಂಗೆ ಆಗಿದೆ ಅಂತ ಹೇಳುವ."

"ನನಗಾ?"

"ನಿಂಗೆ ನಾಚಿಕೆ ಅಭ್ಯಾಸ ಉಂಟು ಹೆಣ್ಣೇ. ನಂಗಿಲ್ಲ. ಈ ವಯಸ್ಸಿನಲ್ಲಿ ಹೊಸತಾಗಿ ಎಲ್ಲಿ ಕಲಿಯುದು?"

ಅಕ್ಕಿಯ ಮೊರ ಒಳಗಿಟ್ಟು ಬಂದೆ. ಹೋದೆವು. ಮಗುವಿಗೆ ಚುಚ್ಚುಮದ್ದು ಎಂದು ದೊಡ್ಡಪ್ಪನಿಗೂ ನಿಮ್ಮ ಅಜ್ಜನಿಗೂ ಹೇಳಿದೆವು. ಹೇಳಿದ ಮೇಲೆ ಮಗುವನ್ನು ಎತ್ತಿಕೊಳ್ಳದೆ ಹೋಗುವುದು ಹೇಗೆ? ಆ ಮಗು ನಿಮ್ಮ ಅಪ್ಪ. ಆಗ ಅವನಿಗೆ ವರ್ಷ ತುಂಬಿರಲಿಲ್ಲ.

ದಾರಿಯುದ್ದಕ್ಕೂ ದೊಡ್ಡಮ್ಮ ನನಗೆ ಪಾಠ ಬಾಯಿಪಾಠ ಮಾಡಿಸಿದರು. ಉರಿ. ತುರಿಕೆ. ಹನಿ. ಮುಟ್ಟು ನಿಂತಿದೆ. ಎರಡು ವರ್ಷ.

ಡಾಕ್ಟರ್‌ಬೆನ್ ಸೀರೆಯ ಮೇಲೆ ಬಿಳಿ ಕೋಟು ಹಾಕಿದ, ದಪ್ಪ ಕನ್ನಡಕದ ಗಂಭೀರ ಹೆಂಗಸು. "ಬೋಲೊ ಬೆನ್," ಎಂದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ದೊಡ್ಡಮ್ಮ ಮೊಣಕೈಯಿಂದ ತಿವಿದರು. ನನಗೆ ಬರುತ್ತಿದ್ದ ತರಕಾರಿ ಕೊಳ್ಳುವಷ್ಟು ಗುಜರಾತಿಯಲ್ಲಿ ಉರಿ, ತುರಿಕೆ ಎಲ್ಲ ಒಪ್ಪಿಸಿದೆ.

"ಮುಟ್ಟು ಸರಿಯಾಗಿ ಆಗುತ್ತದಾ?"

"ನಿಂತಿದೆ."

"ಎಷ್ಟು ಸಮಯವಾಯಿತು?"

"ಎರಡು ವರ್ಷ," ಎಂದೆ, ಪಾಠ ತಪ್ಪಲಿಲ್ಲವೆಂಬ ಸಮಾಧಾನದಲ್ಲಿ.

ಡಾಕ್ಟರ್‌ಬೆನ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ನನ್ನ ಮಡಿಲಲ್ಲಿ ಕೂತು ಅವರ ಸ್ಟೆತೊಸ್ಕೋಪಿನ ಕೊಳವೆಯನ್ನು ಜಗಿಯುತ್ತಿದ್ದ ನಿಮ್ಮ ಅಪ್ಪನನ್ನು ನೋಡಿದರು.

"ಮತ್ತೆ ಇವನು?"

ಈ ಪ್ರಶ್ನೆ ಪಾಠದಲ್ಲಿ ಇರಲಿಲ್ಲ. "ಇವನು… ಪಕ್ಕದ ಮನೆಯವರದ್ದು," ಎಂದೆ. ನಿಮ್ಮ ಅಪ್ಪ ಸ್ಪಷ್ಟವಾಗಿ "ಅಮ್ಮಾ" ಎಂದು ಹಾಲಿಗಾಗಿ ನನ್ನ ರವಿಕೆಗೆ ಕೈಹಾಕಿದ.

ದೊಡ್ಡಮ್ಮನ ಕಡೆಯಿಂದ ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಯುವಂಥ ಸದ್ದು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

ಡಾಕ್ಟರ್‌ಬೆನ್ ಕನ್ನಡಕ ಮತ್ತೆ ಹಾಕಿಕೊಂಡು, ಒಂದು ಬಾಟಲಿ ಕೊಟ್ಟು ಮೂತ್ರ ತರಲು ಹೇಳಿದರು. "ಇವಳಿಗೆ ತಲೆ ತಿರುಗ್ತದೆ, ನಾನೂ ಒಳಗೆ ಹೋಗ್ತೇನೆ," ಎಂದು ದೊಡ್ಡಮ್ಮ ನನ್ನ ಹಿಂದೆ ಬಂದರು. ಆ ಪಾಯಖಾನೆ ಒಬ್ಬರಿಗೇ ಇಕ್ಕಟ್ಟು. ದೊಡ್ಡಮ್ಮ, ನಾನು, ನಿಮ್ಮ ಅಪ್ಪ ಮೂವರೂ ಒಳಗೆ. ಬಾಗಿಲು ಹಾಕಲು ನಾನು ಗೋಡೆಗೆ ಅಂಟಿ ನಿಲ್ಲಬೇಕಾಯಿತು. ಹೊರಗೆ ಬಂದಾಗ ನನ್ನ ಕೈಯಲ್ಲಿ ದೊಡ್ಡಮ್ಮನ ಬಾಟಲಿ.

ಆಗ ಸಕ್ಕರೆ ನೋಡುತ್ತಿದ್ದುದು ಈಗಿನ ಹಾಗೆ ಬೆರಳು ಚುಚ್ಚಿ ಅಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ನಾಲ್ಕಾರು ಹನಿ ಮೂತ್ರ ಬಿಟ್ಟು ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಹೋದಷ್ಟೂ ಹೆಚ್ಚು. ಇಟ್ಟಿಗೆಯ ಕೆಂಪಾದರೆ ತುಂಬಾ ಹೆಚ್ಚು. ನಮ್ಮ ಕಣ್ಣೆದುರೇ ಕುದಿಸಿದರು. ಬಣ್ಣ ಎಲ್ಲೂ ನಿಲ್ಲದೆ ನೇರ ಇಟ್ಟಿಗೆಗೆ ಹೋಯಿತು.

ಡಾಕ್ಟರ್‌ಬೆನ್ ನನ್ನ ಕಡ್ಡಿಯಂಥ ಮೈಯನ್ನು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟು ಸಕ್ಕರೆ ಇಟ್ಟುಕೊಂಡು ನೀನು ನಡೆದು ಬಂದೆಯಾ? ಏಳು, ಆ ಮೇಜಿನ ಮೇಲೆ ಮಲಗಿಸಿ ಪರೀಕ್ಷೆ ಮಾಡಬೇಕು."

ಎದ್ದೆ. ಮೇಜಿನ ಹತ್ತಿರ ಹೋದೆ. ಏನು ಮಾಡುವುದೆಂದು ತೋಚದೆ, ನಿಮ್ಮ ಅಪ್ಪನನ್ನು ಅದರ ಮೇಲೆ ಮಲಗಿಸಿ, ಚಡ್ಡಿ ಬಿಚ್ಚಿ, ಕೈಕಟ್ಟಿ ಪಕ್ಕದಲ್ಲಿ ನಿಂತೆ.

ದೊಡ್ಡಮ್ಮನ ಬಾಯಿಂದ ಸೆರಗು ಹಾರಿಹೋಯಿತು. ವರ್ಷದಿಂದ ಕಟ್ಟಿಟ್ಟಿದ್ದ ನಗುವೆಲ್ಲ ಒಟ್ಟಿಗೆ ಬಂತು. ಔಷಧಿಯ ಸೀಸೆಗಳು ಅಲುಗಿದವು. ಹೊರಗೆ ಕೂತಿದ್ದ ರೋಗಿಗಳೂ ನಗಲು ಶುರು ಮಾಡಿದ್ದು ಕೇಳಿಸಿತು. ನಿಮ್ಮ ಅಪ್ಪನೂ ಮೇಜಿನ ಮೇಲೆ ಕಾಲಾಡಿಸಿ ನಕ್ಕ. ಆಮೇಲೆ, ಯಾರೋ ಕತ್ತರಿಸಿದ ಹಾಗೆ, ದೊಡ್ಡಮ್ಮನ ನಗು ನಿಂತಿತು.

ಅವರು ಕುರ್ಚಿಯಿಂದ ಏಳಲಿಲ್ಲ. ಕುರ್ಚಿಯ ಕಾಲಿನ ಹತ್ತಿರ ನೆಲ ಒದ್ದೆಯಾಗಿತ್ತು. ಮೂರು ಜನ ಗಂಡಸರನ್ನು ಒಟ್ಟಿಗೆ ಗದರಿಸುವ ಆ ಹೆಂಗಸು ತಲೆ ತಗ್ಗಿಸಿ ಚಿಕ್ಕ ಹುಡುಗಿಯ ಹಾಗೆ ಅಳತೊಡಗಿದರು.

ಡಾಕ್ಟರ್‌ಬೆನ್ ಎದ್ದು ಬಾಗಿಲ ಚಿಲಕ ಹಾಕಿದರು. "ರೋಗಿ ಯಾರು ಅಂತ ಈಗ ಗೊತ್ತಾಯಿತು," ಎಂದರು, ನಗದೆ. ಕಪಾಟಿನಿಂದ ತಮ್ಮದೇ ಒಂದು ಒಗೆದ ಸೀರೆ ತೆಗೆದು ಕೊಟ್ಟರು. "ಅಳಬೇಡಿ ಬೆನ್. ಜೋರಾಗಿ ಕೆಮ್ಮಿದರೆ ನನಗೂ ಹೀಗೇ ಆಗುತ್ತದೆ. ಅದಕ್ಕೇ ಇಲ್ಲಿ ಸೀರೆ ಇಟ್ಟಿರುವುದು."

ದೊಡ್ಡಮ್ಮ ಮೂಗು ಒರೆಸಿಕೊಂಡು ಕೇಳಿದ ಮೊದಲ ಮಾತು, "ಹಾಗಾದರೆ ಭಾನುವಾರ ದೋಸೆಗೆ ಬರ್ತೀರಾ?"

ಪರೀಕ್ಷೆ ಮಾಡಿದ ಮೇಲೆ ಡಾಕ್ಟರ್‌ಬೆನ್ ವಿವರಿಸಿ ಹೇಳಿದರು. ಅದನ್ನು ನಾನು ಮರೆತಿಲ್ಲ, ನೀವೂ ಮರೆಯಬೇಡಿ. ಮುಟ್ಟು ನಿಂತ ಮೇಲೆ ಯೋನಿಯ ಚರ್ಮ ತೆಳ್ಳಗಾಗಿ ಒಣಗುತ್ತದೆ. (ಬರೆದೆ ನೋಡಿ ಆ ಪದವನ್ನು. ಹಳ್ಳಿಶಾಲೆಯಲ್ಲಿ ಕಲಿಸಿರಲಿಲ್ಲ. ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ.) ಅದರ ಮೇಲೆ ಸಕ್ಕರೆ ಕಾಯಿಲೆ ಇದ್ದರೆ ಮೂತ್ರದಲ್ಲೂ ಸಕ್ಕರೆ ಹೋಗಿ, ಅಲ್ಲಿ ಬೂಷ್ಟಿನಂಥದ್ದು ಬೆಳೆಯುತ್ತದೆ. ತುರಿಕೆ ಅದರಿಂದ. ಢೋಕ್ಲಾ ಹಿಟ್ಟು ಹುದುಗುತ್ತದಲ್ಲ, ಹಾಗೆ, ಎಂದರು ಡಾಕ್ಟರ್‌ಬೆನ್.

"ಇಡ್ಲಿ ಹಿಟ್ಟಿನ ಹಾಗಾ?" ದೊಡ್ಡಮ್ಮ ಗಾಬರಿಯಾದರು. "ಅಯ್ಯೋ ದೇವರೇ, ಮನೆಯಲ್ಲೂ ಅದೇ ಕೆಲಸ, ಮೈಯಲ್ಲೂ ಅದೇ ಕೆಲಸವಾ!"

ಬಾರು ಸಾಬೂನಿನ ಸುದ್ದಿ ಕೇಳಿ ಡಾಕ್ಟರ್‌ಬೆನ್ ಪೆನ್ನು ಕೆಳಗೆ ಹಾಕಿದರು. "ಒಳಗೆ ಏನನ್ನೂ ಹಾಕಿ ತೊಳೆಯಬಾರದು. ಹೊರಗೆ ಬರೀ ನೀರು ಸಾಕು, ಮುಂದಿನಿಂದ ಹಿಂದಕ್ಕೆ. ನೀರು ಚೆನ್ನಾಗಿ ಕುಡಿಯಬೇಕು. ಮೂತ್ರ ಕಟ್ಟಿಹಿಡಿದು ಕೂರಬಾರದು. ಉರಿಗೆ ಮಾತ್ರೆ ಕೊಡುತ್ತೇನೆ. ಆದರೆ ಸಕ್ಕರೆ ಇಳಿಯದಿದ್ದರೆ ಇದೆಲ್ಲ ಮತ್ತೆ ಮತ್ತೆ ಬರುತ್ತದೆ. ಸಿಹಿ ತಿನ್ನುತ್ತೀರಾ?"

"ಮುಟ್ಟುದಿಲ್ಲ! ಕಾಫಿಗೆ ಸಕ್ಕರೆ ಹಾಕದೆ ಮೂರು ವರ್ಷ ಆಯ್ತು," ಎಂದರು ದೊಡ್ಡಮ್ಮ ಎದೆಯುಬ್ಬಿಸಿ.

ನಾನು, ನಿಮ್ಮ ಅಪ್ಪನಿಗೆ ಚಡ್ಡಿ ಹಾಕುತ್ತಾ, ಮೆಲ್ಲಗೆ ಹೇಳಿದೆ. "ದೊಡ್ಡಮ್ಮ, ಬೆಳಿಗ್ಗೆ ಶಿರಾ?"

"ಅದು ರುಚಿ ನೋಡಿದ್ದು!"

"ಸಿಹಿ ಸಾಂಬಾರು?"

"ಅದೂ ರುಚಿಯೇ! ರುಚಿ ನೋಡುದು ತಿಂದ ಹಾಗಾ?"

ವಿಷಯ ಇಷ್ಟೇ. ಬರೋಡಾದ ಗಿರಾಕಿಗಳಿಗೆ ಸಾಂಬಾರಿನಲ್ಲೂ ಬೆಲ್ಲ ಬೇಕು. ದಿನಾ ಬೆಳಿಗ್ಗೆ ದೊಡ್ಡಮ್ಮ ಪ್ರತಿ ಪಾತ್ರೆಯಿಂದಲೂ ಒಂದು ಸೌಟು ತೆಗೆದು ರುಚಿ ನೋಡುತ್ತಿದ್ದರು. ಶಿರಾ, ಸಾಂಬಾರು, ಕಾಯಿ ಹೋಳಿಗೆಯ ಹೂರಣ. ಸಂಶಯ ಬಂದರೆ ಎರಡನೇ ಸೌಟು. ದೊಡ್ಡಪ್ಪನ ಮಿಠಾಯಿಯನ್ನೂ, ಎದುರು ಬದಿಯ ಅಂಗಡಿಯವನು ಹೇಗೆ ಮಾಡುತ್ತಾನೆಂದು ತಿಳಿಯಲು, ರುಚಿ ನೋಡುತ್ತಿದ್ದರು. ನಿಂತುಕೊಂಡು ಬಾಯಿಗೆ ಹಾಕಿದ್ದು ಅವರ ಪ್ರಕಾರ ಊಟವಲ್ಲ, ಕೆಲಸ.

ಬೂಷ್ಟಿಗೆ ಡಾಕ್ಟರ್‌ಬೆನ್ ನೇರಳೆ ಬಣ್ಣದ ಔಷಧಿ ಹಚ್ಚುತ್ತಿದ್ದರು. ಈಗ ಬೇರೆ ಒಳ್ಳೆಯ ಔಷಧಿಗಳಿವೆ, ಅದನ್ನು ಕೇಳಬೇಡಿ. ಆ ಬಣ್ಣ ತಾಗಿದರೆ ಬಿಡುವುದಿಲ್ಲ. ದೊಡ್ಡಮ್ಮ ಕಲೆಯಾದ ಲಂಗಗಳನ್ನು ಯಾರಿಗೂ ಕಾಣಬಾರದೆಂದು ಹೋಟೆಲಿನ ಬಟ್ಟೆ ನೆನೆಸುವ ಹಂಡೆಯಲ್ಲಿ ಎಲ್ಲದರ ಅಡಿಗೆ ಹಾಕಿದರು. ಮರುದಿನ ಬಡಿಸುವವರೆಲ್ಲ ತಿಳಿ ನೇರಳೆ ಪಂಚೆಯಲ್ಲಿ ಸಾಲಾಗಿ ಹೊರಬಂದರು.

"ಇದೆಂತದು?" ಎಂದರು ದೊಡ್ಡಪ್ಪ.

"ನೀಲಿ ಸ್ವಲ್ಪ ಜಾಸ್ತಿ ಆಯ್ತು," ಎಂದರು ದೊಡ್ಡಮ್ಮ, ಬಿಳಿ ಬಟ್ಟೆಗೆ ಹಾಕುವ ನೀಲಿಯ ತಲೆಗೆ ಕಟ್ಟಿ.

ಗಿರಾಕಿಗಳು ಹೊಸ ಯೂನಿಫಾರ್ಮು ಎಂದು ಮೆಚ್ಚಿಕೊಂಡರು. ಸ್ವಲ್ಪ ದಿನಕ್ಕೇ ಸ್ಟೇಷನ್ನಿನ ಹತ್ತಿರದ ಇನ್ನೊಂದು ಹೋಟೆಲಿನವರು ತಮ್ಮ ಹುಡುಗರಿಗೆಲ್ಲ ಗುಲಾಬಿ ಪಂಚೆ ಉಡಿಸಿದರು.

ಇನ್ನು ರುಚಿ ನೋಡುವುದು ಯಾರು? ಆ ಕೆಲಸ ನನ್ನ ತಲೆಗೆ ಬಂತು. ನನಗೆ ಯಾವುದನ್ನೂ ಚೆನ್ನಾಗಿಲ್ಲ ಎನ್ನಲು ನಾಚಿಕೆ. ಅಡುಗೆ ಭಟ್ಟರು ಕೊಟ್ಟದ್ದಕ್ಕೆಲ್ಲ "ಒಳ್ಳೆದಾಗಿದೆ" ಎಂದೆ. ಉಪ್ಪಿಲ್ಲದ ಉಪ್ಪಿಟ್ಟು ಹೊರಗೆ ಹೋಯಿತು. ಉಪ್ಪು ಎರಡು ಸಲ ಬಿದ್ದ ಸಾಂಬಾರೂ ಹೋಯಿತು. ದೊಡ್ಡಪ್ಪ ಗಲ್ಲಾದಲ್ಲಿ ಕೂತು ಬೈಸಿಕೊಂಡರು. ಕೊನೆಗೆ ದೊಡ್ಡಮ್ಮ ನನ್ನನ್ನು ಅಡುಗೆಮನೆಯ ನಡುವೆ ನಿಲ್ಲಿಸಿದರು.

"ಕೂಗು ಹೆಣ್ಣೇ. ಉಪ್ಪಿಲ್ಲ ಅಂತ ಕೂಗು."

"ಉಪ್ಪಿಲ್ಲ."

"ಇದು ಇರುವೆಗೂ ಕೇಳುದಿಲ್ಲ. ಹೊಟ್ಟೆಯಿಂದ ಕೂಗು. ನನ್ನ ಬದಲು ಮೇಜು ಹತ್ತಲಿಕ್ಕೆ ಹೊರಟವಳು ನೀನು. ಉಪ್ಪಿಗೆ ಹೆದರ್ತೀಯಾ?"

"ಉಪ್ಪಿಲ್ಲ!" ಎಂದು ಕೂಗಿದೆ. ಭಟ್ಟರ ಕೈಯಿಂದ ಸೌಟು ಬಿತ್ತು. ಅದು ನನ್ನ ಜನ್ಮದ ಮೊದಲ ಕೂಗು.

ಹನಿ ಬೀಳುವುದಕ್ಕೆ ಡಾಕ್ಟರ್‌ಬೆನ್ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಮೂತ್ರ ತಡೆಯುವಾಗ ಒಳಗೆ ಹೇಗೆ ಬಿಗಿ ಹಿಡಿಯುತ್ತೇವೋ ಹಾಗೆ ಹಿಡಿಯುವುದು, ಬಿಡುವುದು. ಕೂತಲ್ಲೇ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ, ತಿಂಗಳುಗಟ್ಟಲೆ ಬಿಡದೆ ಮಾಡಬೇಕು ಎಂದಿದ್ದರು. ಕೂತು ಮಾಡುವುದಕ್ಕೆ ದೊಡ್ಡಮ್ಮನಿಗೆ ಬಿಡುವು ಸಿಗುತ್ತಿದ್ದುದು ಭಜನೆಯಲ್ಲಿ ಮಾತ್ರ. ಮತ್ತೆ ಶುಕ್ರವಾರಗಳಂದು ಬರತೊಡಗಿದರು. ಕಣ್ಣು ಮುಚ್ಚಿ, ಹುಬ್ಬು ಏರಿಸಿ, ಉಸಿರು ಹಿಡಿದು ಕೂರುತ್ತಿದ್ದರು. ನಂತರ ನಿಧಾನವಾಗಿ ಬಿಡುವಾಗ ಮುಖದಲ್ಲಿ ಒಂದು ಶಾಂತಿ ಹರಡುತ್ತಿತ್ತು.

ಧಾರವಾಡ ಕಡೆಯ ಬ್ಯಾಂಕಿನವರ ಹೆಂಡತಿ ಒಂದು ದಿನ ತಡೆಯಲಾರದೆ ಕಾಲಿಗೆ ಬಿದ್ದಳು. "ಏನ್ ಕಳೆ ಬಂದದರೀ ದೊಡ್ಡಮ್ಮಾರ ನಿಮ್ಮ ಮಾರಿ ಮ್ಯಾಲ! ಯಾವ ಮಂತ್ರಾರೀ ಅದು? ನಮಗೂ ಉಪದೇಶ ಕೊಡ್ರಿ."

ದೊಡ್ಡಮ್ಮ ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಅವಳ ಮುಖ ಕೆಂಪಾಗಿತ್ತು. ಆದರೆ ಮುಂದಿನ ಶುಕ್ರವಾರ ಅವಳೂ ಕಣ್ಣು ಮುಚ್ಚಿ ಕೂತಳು. ನೋಡನೋಡುತ್ತಾ ಇಡೀ ಭಜನೆಯೇ ಕಣ್ಣು ಮುಚ್ಚಿತು. ಹಾಡುವವರು ಕಡಿಮೆಯಾದರು. ಬರೋಡಾದ ಕನ್ನಡ ಹೆಂಗಸರಷ್ಟು ಭಕ್ತಿ ಬೇರೆಲ್ಲೂ ಇಲ್ಲ ಎಂದು ಗಂಡಸರು ಮಾತಾಡಿಕೊಂಡರು.

ನಳಿಗೆ ಕುದಿಸುವುದನ್ನು ದೊಡ್ಡಮ್ಮ ಮನೆಯಲ್ಲೇ ಕಲಿತರು. ಇಟ್ಟಿಗೆ ಕೆಂಪು ಕಿತ್ತಳೆಯಾಯಿತು, ಹಳದಿಯಾಯಿತು, ಒಂದು ಬೆಳಿಗ್ಗೆ ನೀಲಿಯಾಗಿಯೇ ಉಳಿಯಿತು. ನಳಿಗೆಯನ್ನು ಎತ್ತಿಹಿಡಿದು ಅಂಗಳದಲ್ಲಿ ಒಂದು ಸುತ್ತು ಬಂದರು. ಉರಿ ಹೋಗಿತ್ತು, ತುರಿಕೆ ಹೋಗಿತ್ತು. ಆದರೂ ಹೊಟ್ಟೆ ತುಂಬ ನಗಲು ಮಾತ್ರ ಅವರಿಗೆ ಧೈರ್ಯ ಬಂದಿರಲಿಲ್ಲ. ಆ ಕುರ್ಚಿ ಅವರ ಕಣ್ಣಿನಿಂದ ಹೋಗಿರಲಿಲ್ಲ. ಮುಗುಳ್ನಗುವಿನವರೆಗೆ ಬಂದು ಹಿಂದೆ ಸರಿಯುತ್ತಿದ್ದರು.

ಅಷ್ಟರಲ್ಲಿ ನಿಮ್ಮ ಅಜ್ಜನಿಗೆ ಸೂರತ್ತಿಗೆ ವರ್ಗವಾಯಿತು. ಬೀಳ್ಕೊಡಲು ದೊಡ್ಡಮ್ಮ ಸ್ಟೇಷನ್ನಿಗೆ ಬಂದರು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ನಿಮ್ಮ ಅಪ್ಪ, ಆಗ ಓಡಾಡುವಷ್ಟು ದೊಡ್ಡವನು, ಪಕ್ಕದ ಸೀಟಿನ ಮೇಲೆ ನಿಂತಿದ್ದ. ರೈಲು ಕೂಗಿತು. ಆಗ ಬಿಳಿ ಕೋಟಿನ ಟಿಕೆಟ್ ಕಲೆಕ್ಟರು ನಮ್ಮ ಡಬ್ಬಿಗೆ ಹತ್ತಿದ. ಬಿಳಿ ಕೋಟು ಕಂಡದ್ದೇ ತಡ, ನಿಮ್ಮ ಅಪ್ಪ ಸೀಟಿನ ಮೇಲೆ ಅಂಗಾತ ಮಲಗಿ, ಚಡ್ಡಿ ಬಿಚ್ಚಿ, ಪರೀಕ್ಷೆಗೆ ಸಿದ್ಧನಾದ. ಡಾಕ್ಟರ್‌ಬೆನ್ ಹತ್ತಿರ ಮತ್ತೆ ಮತ್ತೆ ಹೋಗುವಾಗೆಲ್ಲ ಅವನನ್ನು ಕರೆದುಕೊಂಡು ಹೋಗಿದ್ದೆವಲ್ಲ, ಅಲ್ಲಿಯ ಪದ್ಧತಿ ಹಾಗೆ ಎಂದು ತಿಳಿದಿದ್ದ.

ದೊಡ್ಡಮ್ಮ ಕಿಟಕಿಯ ಸರಳು ಹಿಡಿದು ನಕ್ಕರು. ಹೊಟ್ಟೆಯಲ್ಲಿ ಗುಡುಗಿ, ಭುಜಕ್ಕೆ ಹತ್ತಿ, ಬಾಯಿಗೆ ಬಂತು. ಕೂಲಿಗಳು ತಿರುಗಿ ನೋಡಿದರು. ರೈಲು ಹೊರಟಿತು. ಅವರು ಪ್ಲಾಟ್‌ಫಾರಂ ಮೇಲೆ ನಿಂತೇ ನಗುತ್ತಿದ್ದರು. ಇದ್ದಕ್ಕಿದ್ದಂತೆ ನಿಲ್ಲಿಸಿದರು. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಅವರು ತಲೆ ತಗ್ಗಿಸಿ ಸೀರೆ ನೋಡಿಕೊಂಡರು, ಕಾಲ ಕೆಳಗೆ ನೋಡಿದರು. ಮತ್ತೆ ಎರಡೂ ಕೈ ಮೇಲೆತ್ತಿ ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿದರು.

"ಹೆಣ್ಣೇ! ಒಂದು ಹನಿಯೂ ಇಲ್ಲ!"

"ಎಂತ ಹೇಳಿದ್ದು ಅವರು?" ಎಂದು ನಿಮ್ಮ ಅಜ್ಜ ಕೇಳಿದರು.

"ಹೋಗಿ ಬಾ ಅಂದರು," ಎಂದೆ.

ನನಗೂ ಐವತ್ತಾಯಿತು, ಮುಟ್ಟು ನಿಂತಿತು, ಸಕ್ಕರೆ ಬಂತು, ಉರಿಯೂ ಬಂತು. ನಾನು ಯಾರನ್ನೂ ನನ್ನ ಬದಲು ಕಳಿಸಲಿಲ್ಲ. ಡಾಕ್ಟರ ಎದುರು ಕೂತು, ಕ್ಯಾಲೆಂಡರು ನೋಡದೆ, ಉಪ್ಪಿಲ್ಲ ಎಂದು ಕೂಗಿದ ಹಾಗೆ ಹೊಟ್ಟೆಯಿಂದ ಹೇಳಿದೆ. ಹೊರಗೆ ಕೂತವರಿಗೂ ಕೇಳಿಸಿರಬೇಕು. ಕೇಳಲಿ.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅನುಷಾ, ಮೇಘನಾ, ನಿಮಗೆ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಶ್ರೀಶ, ನೀನೂ ಓದು. ನಿನ್ನ ಮನೆಯ ಹೆಂಗಸು ನಗು ನಿಲ್ಲಿಸಿದರೆ ಮಿಠಾಯಿ ತರಬೇಡ, ಏನಾಗಿದೆ ಎಂದು ಕೇಳು. ಇಡುವುದಾದರೆ ಹಪ್ಪಳದ ಡಬ್ಬಿಯ ಹಿಂದೆ ಇಡಿ. ಅಲ್ಲಿಗೆ ನಿಮ್ಮ ಅಪ್ಪನ ಕೈ ಹೋಗುವುದಿಲ್ಲ.